ಮೇಷ್ಟ್ರಿಗೂ ಒಂದು ಲ್ಯಾಬ್ ಬೇಕು

ಸ್ಮಾರ್ಟ್ ಬೋರ್ಡ್ ಇರೋ ಕ್ಲಾಸಲ್ಲಿ ಕೂತವರಿಗೆಲ್ಲ ಗೊತ್ತು, ಬಹಳ ಸಲ ಅದು ಪಿಪಿಟಿ ತೋರಿಸೋ ದುಬಾರಿ ಗೋಡೆ ಅಷ್ಟೆ. ತಪ್ಪು ಮೇಷ್ಟ್ರದ್ದಲ್ಲ, ಅವರ ತರಬೇತಿಯ ಪ್ಲಾನಿನದ್ದು ಅನ್ನೋದು ನಮ್ಮ ವಾದ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಾರ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಸಿಗಬೇಕು. ಅಷ್ಟು ಗಂಟೆ ಸಾಕು. ಆದರೆ ಒಂದೇ ಸಲ ಹಾಲ್‌ನಲ್ಲಿ ಕೂರಿಸಿ ಯಾವ ಬಟನ್ ಎಲ್ಲಿದೆ ಅಂತ ತೋರಿಸಿದ್ರೆ, ಕ್ಲಾಸಿಗೆ ಹೋಗೋ ಹೊತ್ತಿಗೆ ಮರೆತೇ ಹೋಗಿರುತ್ತೆ. ನಾವು ಸಿ ಪ್ರೋಗ್ರಾಮಿಂಗ್ ಕಲಿತದ್ದೂ ಸ್ಲೈಡ್ ನೋಡಿ ಅಲ್ಲವಲ್ಲ. ಲ್ಯಾಬಲ್ಲಿ ಎರರ್ ಬಂದು, ತಲೆ ಕೆರ್ಕೊಂಡು, ಪಕ್ಕದವರನ್ನ ಕೇಳಿ ಕಲಿತದ್ದು.

ಹಾಗಾಗಿ ತರಬೇತಿ ಪಾಠದಿಂದ ಶುರುವಾಗಲಿ. ಹತ್ತನೇ ಕ್ಲಾಸಿನ ಗಣಿತದ ಮೇಡಂ ವರ್ಗ ಸಮೀಕರಣದ ಒಂದೇ ಪಾಠ ತರಲಿ. ಜಿಯೋಜೀಬ್ರಾದಲ್ಲಿ ಸ್ಲೈಡರ್ ಎಳೆದ ಹಾಗೆ ಪರವಲಯ ಎಕ್ಸ್ ಅಕ್ಷವನ್ನ ಎರಡು ಕಡೆ ಕತ್ತರಿಸುತ್ತೆ, ಒಂದೇ ಕಡೆ ಮುಟ್ಟುತ್ತೆ, ಆಮೇಲೆ ಮುಟ್ಟೋದೇ ಇಲ್ಲ. ಶೋಧಕ ಏನು ಹೇಳುತ್ತೆ ಅಂತ ಆಗ ಬಾಯಿಪಾಠ ಮಾಡಬೇಕಿಲ್ಲ, ಕಣ್ಣಿಗೇ ಕಾಣುತ್ತೆ. ಕರೆಂಟ್ ಹೋದ್ರೆ ಅದೇ ಪಾಠ ಹೇಗೆ ಮುಂದುವರಿಸೋದು ಅನ್ನೋದೂ ತರಬೇತಿಯಲ್ಲಿರಲಿ (ತಮಾಷೆ ಅಲ್ಲ). ಎರಡು ವಾರ ಕ್ಲಾಸಲ್ಲಿ ಪ್ರಯತ್ನಿಸಿ, ಮತ್ತೆ ಬಂದು ಎಲ್ಲಿ ಕೈಕೊಟ್ಟಿತು ಅಂತ ಹೇಳಲಿ. ಆ ದಿನ ಪಕ್ಕದಲ್ಲಿ ಕೂತು ಸರಿಮಾಡೋಕೆ ನಮ್ಮನ್ನ ಕರೆದರೂ ಬರ್ತೀವಿ.