ಅಗುಳು ನೋಡುವ ವಿದ್ಯೆ

ಕಳೆದ ವರ್ಷ ನಮ್ಮ ಪ್ರಯೋಗಶಾಲೆಯಲ್ಲಿ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು, ತಣಿಯುತ್ತಿರುವ ನೀರಿನ ಉಷ್ಣತೆಯನ್ನು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳುತ್ತಿದ್ದವನು, ತಲೆಯೆತ್ತಿ ನನ್ನನ್ನು ಕೇಳಿದನು: “ಸರ್, ನಾನು ಮುಂದೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವನು. ಈಗಂತೂ ಪ್ರೋಗ್ರಾಮನ್ನೂ ಯಂತ್ರವೇ ಬರೆದುಕೊಡುತ್ತದೆ. ಹೀಗಿರುವಾಗ ಈ ನೀರು ಕಾಯಿಸಿ ಆರಿಸುವ ಕೆಲಸದಿಂದ ನನಗೆ ಆಗಬೇಕಾದುದೇನು?”

ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಮನೆಯ ಕಷ್ಟವನ್ನು ಬಲ್ಲ, ಬೇಗನೆ ಒಂದು ಉದ್ಯೋಗ ಹಿಡಿಯಬೇಕೆಂಬ ಹುಡುಗನ ನ್ಯಾಯವಾದ ಪ್ರಶ್ನೆ ಅದು. ಆ ದಿನ ನಾನು ಕೊಟ್ಟ ಉತ್ತರದಿಂದ ಅವನಿಗೂ ತೃಪ್ತಿಯಾಗಲಿಲ್ಲ, ನನಗೂ ಆಗಲಿಲ್ಲ. ಅವನಂತೆಯೇ ಯೋಚಿಸುವ ವಿದ್ಯಾರ್ಥಿಗಳು ಈ ಪತ್ರಿಕೆಯ ವಾಚಕರಲ್ಲಿಯೂ ಅನೇಕರಿರಬಹುದು. ಆದುದರಿಂದ ಆ ಉತ್ತರವನ್ನು ಇಲ್ಲಿ ಮತ್ತೊಮ್ಮೆ, ಸ್ವಲ್ಪ ಸಾವಧಾನವಾಗಿ ಹೇಳಲು ಯತ್ನಿಸುತ್ತೇನೆ.

ಕುಂದಾಪುರ ಬೈಂದೂರುಗಳ ನಡುವೆ, ಹೆದ್ದಾರಿಯ ಮೇಲಿರುವ ಕಿರಿಮಂಜೇಶ್ವರ ನನ್ನ ಊರು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ಭೌತಶಾಸ್ತ್ರದಲ್ಲಿ ಎಂ. ಎಸ್‌ಸಿ. ಮುಗಿಸಿದ ಮೇಲೆ, ಅಧ್ಯಾಪಕನಾಗುವುದಕ್ಕೆ ಮುಂಚೆ, ನಾನು ನಾಲ್ಕು ವರ್ಷ ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ ಮಾಡಿದೆ. ಆ ನಾಲ್ಕು ವರ್ಷಗಳಲ್ಲಿ ನನಗೆ ಮರೆಯಲಾಗದ ಎರಡು ಪಾಠಗಳಾದುವು. ಒಂದು ಪಾಠ ಬಾಡಿಗೆ ಕೋಣೆಯ ಅಡುಗೆಯ ಒಲೆಯ ಮುಂದೆ ಆಯಿತು. ಇನ್ನೊಂದು ಗಣಕಯಂತ್ರದ ಮುಂದೆ. ಎರಡೂ ಒಂದೇ ಪಾಠವೆಂದು ತಿಳಿಯಲು ಮಾತ್ರ ನನಗೆ ಬಹುಕಾಲ ಹಿಡಿಯಿತು.

ಮೊದಲನೆಯದು ಅನ್ನದ ಪಾಠ. ಕರಾವಳಿಯವರಿಗೆ ಕುಚ್ಚಲಕ್ಕಿಯ ಗಂಜಿಯಿಲ್ಲದೆ ಹೊಟ್ಟೆ ತುಂಬಿದಂತಾಗುವುದಿಲ್ಲ. ಊರಿನಿಂದ ಅಕ್ಕಿ ತರಿಸಿಕೊಂಡು, ತಾಯಿಯನ್ನು ದೂರವಾಣಿಯಲ್ಲಿ ಕೇಳಿ, ಅವರು ಹೇಳಿದುದನ್ನೆಲ್ಲ ಅಂಕಿ ಹಾಕಿ ಬರೆದುಕೊಂಡೆ: ಇಷ್ಟು ಅಕ್ಕಿ, ಇಷ್ಟು ನೀರು, ಇಷ್ಟು ಹೊತ್ತು ಉರಿ, ಬಳಿಕ ಮುಚ್ಚಿಡುವುದು. ಪ್ರೋಗ್ರಾಮು ಬರೆಯುವವನಿಗೆ ಇದಕ್ಕಿಂತ ಪರಿಚಿತವಾದ ವಸ್ತು ಇನ್ನಾವುದಿದೆ? ಮೊದಲು ಇದನ್ನು ಮಾಡು, ಅನಂತರ ಅದನ್ನು ಮಾಡು, ಇಂಥದಾದರೆ ನಿಲ್ಲಿಸು ಎಂಬ ಕಟ್ಟಳೆಗಳ ಸಾಲೇ ತಾನೆ ಪ್ರೋಗ್ರಾಮು ಎಂದರೆ? ನಾನು ಗಡಿಯಾರ ನೋಡಿಕೊಂಡು, ಎಲ್ಲವನ್ನೂ ಅಕ್ಷರಶಃ ಪಾಲಿಸಿದೆ. ಅನ್ನ ಬೇಯಲಿಲ್ಲ. ಮರುದಿನವೂ ಹಾಗೆಯೇ ಆಯಿತು. ತಾಯಿಗೆ ತಿಳಿಸಿದಾಗ ಅವರು ನಕ್ಕು, “ಗಡಿಯಾರ ಕಾಂಬುದಲ್ಲ ಮಗಾ, ಅಗ್ಳ್ ಕಾಣ್ಕ್” ಎಂದರು. ಗಡಿಯಾರವನ್ನಲ್ಲ, ಅಗುಳನ್ನು ನೋಡಬೇಕು ಎಂಬುದು ಅದರ ಅರ್ಥ.

ಆ ಮಾತು ಸರಿಯೆಂದು ಅನುಭವ ಹೇಳಿತು. ಏಕೆ ಸರಿ ಎಂಬುದನ್ನು ನನ್ನ ಭೌತಶಾಸ್ತ್ರವೇ ಹೇಳಬೇಕಾಯಿತು. ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಅದು ಕಡಲಮಟ್ಟದ ವಾಯುಭಾರಕ್ಕೆ ಹೊಂದುವ ಸಂಖ್ಯೆ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ. ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬಾಯಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತದೆ. ಉರಿಯನ್ನು ಎಷ್ಟೇ ಹೆಚ್ಚಿಸಿದರೂ ನೀರು ಬೇಗ ಆವಿಯಾದೀತೇ ಹೊರತು, ಅದರ ಉಷ್ಣತೆ ಅದಕ್ಕಿಂತ ಮೇಲೇರದು. ಮೂರು ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ಕುಚ್ಚಲಕ್ಕಿ ಬೆಳ್ತಿಗೆಯಂತಲ್ಲ. ಭತ್ತವನ್ನು ನೆನೆಯಿಸಿ, ಬೇಯಿಸಿ, ಒಣಗಿಸಿದ ಮೇಲೆ ಮಾಡಿದ ಅಕ್ಕಿಯಾದುದರಿಂದ ಅದರ ಕಾಳು ಗಟ್ಟಿ. ನೀರು ಒಳಹೊಕ್ಕು ಮೆತ್ತಗಾಗಲು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತಿನ ಬೇಯುವಿಕೆಯಲ್ಲಿ ಮೂರು ಡಿಗ್ರಿಯ ಕೊರತೆಗೂ ಬೆಲೆಯಿದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಕಟ್ಟಿಗೆಯ ಒಲೆ. ಉರಿ ತೆಗೆದ ಮೇಲೂ ಕೆಂಡದ ಬಿಸಿಯಲ್ಲಿ ಅನ್ನ ಬಹಳ ಹೊತ್ತು ಬೇಯುತ್ತಲೇ ಇರುತ್ತದೆ. ಅನಿಲದ ಒಲೆಯನ್ನು ಆರಿಸಿದೊಡನೆ ಶಾಖ ಬರುವುದು ನಿಂತುಹೋಗುತ್ತದೆ. ‘ಬಳಿಕ ಮುಚ್ಚಿಡುವುದು’ ಎಂಬ ಎರಡು ಮಾತಿನಲ್ಲಿ ಒಂದು ಒಲೆ ತುಂಬ ಕೆಂಡವೇ ಅಡಗಿತ್ತು! ತಾಯಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಡಲಮಟ್ಟವೂ ಕೆಂಡವೂ ಅವರಿಗೆ ಎಷ್ಟು ಸಹಜವಾಗಿದ್ದುವೆಂದರೆ, ಅವನ್ನು ಹೇಳಬೇಕೆಂದು ಅವರಿಗೆ ತೋರಲಿಲ್ಲ. ಕೇಳಬೇಕೆಂದು ನನಗೂ ತೋರಲಿಲ್ಲ.

ಎರಡನೆಯ ಪಾಠ ನನ್ನ ವೃತ್ತಿಯಲ್ಲಿ ಆದುದು. ವಿಳಾಸಗಳನ್ನು ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಮೊಂದನ್ನು ನಾನು ಬರೆದಿದ್ದೆ. ಊರಿನ ಹೆಸರಿಗೆ ಹತ್ತು ಸ್ಥಾನ ಸಾಕೆಂದು ಬೆರಳು ಮಡಚಿ ನಿರ್ಧರಿಸಿದೆ. ಉಡುಪಿ, ಕುಂದಾಪುರ, ಬೆಂಗಳೂರು ಎಂದು ಬರೆದು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಬಂದುವು. ಕೆಲವು ದಿನಗಳ ಮೇಲೆ ಮುದ್ರಿತವಾದ ಹಾಳೆಯೊಂದರಲ್ಲಿ ನನ್ನ ಸ್ವಂತ ಊರಿನ ಹೆಸರು ಕಂಡಿತು: “ಕಿರಿಮಂಜೇಶ್”. ಉಳಿದುದು ತುಂಡಾಗಿಹೋಗಿತ್ತು. ಊರಿನ ಹೆಸರನ್ನು ಕತ್ತರಿಸಿದವನು ಆ ಊರಿನವನೇ!

ಆದುದೇನೆಂದು ನೋಡೋಣ. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿ ಇರುವುದು ಆರೇ ಅಕ್ಷರ: ಕಿ, ರಿ, ಮಂ, ಜೇ, ಶ್ವ, ರ. ಆದರೆ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಗೊತ್ತುಮಾಡಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 3200ರಿಂದ 3327ರ ವರೆಗಿನ 128 ಸ್ಥಾನಗಳು ಮಾತ್ರ. ಅದರಲ್ಲಿ ‘ಕ’ ಒಂದು ಸಂಖ್ಯೆ, ಗುಡಿಸು ಇನ್ನೊಂದು, ಅನುಸ್ವಾರ ಮತ್ತೊಂದು, ಒತ್ತನ್ನು ಕೂಡಿಸುವ ಹಲಂತ ಚಿಹ್ನೆ ಮಗುದೊಂದು. ಹೀಗೆ ಎಣಿಸಿದರೆ ಕಿರಿಮಂಜೇಶ್ವರಕ್ಕೆ ಹನ್ನೆರಡು ಸಂಖ್ಯೆಗಳಾಗುತ್ತವೆ. ಹತ್ತನೆಯದು ‘ಶ್’ ಎಂಬುದರ ಹಲಂತ. ಯಂತ್ರವು ನನ್ನ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿ ಅಲ್ಲಿಗೇ ನಿಲ್ಲಿಸಿತು. ಒಂದು ಅಕ್ಷರಕ್ಕೆ ಒಂದು ಸ್ಥಾನವೆಂಬ ಇಂಗ್ಲಿಷಿನ ರೂಢಿ ನನ್ನ ಪ್ರೋಗ್ರಾಮಿನಲ್ಲಿ ಅಡಗಿ ಕುಳಿತಿತ್ತು. ತಾಯಿಯ ಅಡುಗೆಯ ಕ್ರಮದಲ್ಲಿ ಕಡಲಮಟ್ಟ ಅಡಗಿದ್ದಂತೆ.

ಈ ತಪ್ಪನ್ನು ತಿದ್ದಲು ನನಗೆ ನೆರವಾದುದು ಗಣಕದ ಪುಸ್ತಕಕ್ಕಿಂತ ಹೆಚ್ಚಾಗಿ, ಪ್ರೌಢಶಾಲೆಯಲ್ಲಿ ಬೇಸರದಿಂದ ಓದಿದ್ದ ಕನ್ನಡ ವ್ಯಾಕರಣ. ಗುಣಿತಾಕ್ಷರವೆಂದರೇನು, ಸಂಯುಕ್ತಾಕ್ಷರವೆಂದರೇನು ಎಂಬುದನ್ನು ಮತ್ತೆ ಓದಿಕೊಂಡೆ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳು. ಪ್ರತಿಯೊಂದು ವ್ಯಂಜನಕ್ಕೆ ಒಂದೊಂದು ಒತ್ತು ಸೇರಿಸಿದರೆ ಲೆಕ್ಕ 15,028ಕ್ಕೆ ಏರುತ್ತದೆ. ಎಲ್ಲವೂ ಬಳಕೆಯಲ್ಲಿಲ್ಲ ನಿಜ. ಆದರೂ ಇಷ್ಟು ಅಕ್ಷರಗಳಿಗೆ ಒಂದೊಂದು ಕೀಲಿಯನ್ನಿಡಲು ಯಾವ ಯಂತ್ರಕ್ಕೆ ಸಾಧ್ಯ? ಹಿಂದೆ ಕೆ. ಪಿ. ರಾವ್ ಅವರ ಮುಂದೆ ಇದ್ದ ಸಮಸ್ಯೆಯೂ ಇದೇ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದು, ಸಿಂಧೂ ಲಿಪಿಯ ಗಣಕ ವಿಶ್ಲೇಷಣೆಯಲ್ಲಿ ಕೆಲಸಮಾಡಿ, ಮುಂದೆ ಅಚ್ಚಿನ ಅಕ್ಷರಜೋಡಣೆಯ ಕ್ಷೇತ್ರಕ್ಕೆ ಬಂದವರು. ಅವರ ಕೀಲಿಮಣೆಯಲ್ಲಿ ಇಂಗ್ಲಿಷಿನ 26 ಕೀಲಿಗಳೇ ಕನ್ನಡಕ್ಕೆಲ್ಲ ಸಾಕಾಗುತ್ತವೆ. ‘ಅಕ್ಕಿ’ ಎಂದು ಬರೆಯಲು ಅ, ಕ, ಕೂಡಿಸುವ ಕೀಲಿ, ಮತ್ತೆ ಕ, ಇ ಎಂದು ಐದು ಕೀಲಿಗಳನ್ನು ಒತ್ತಿದರಾಯಿತು. ಅಡುಗೆಮನೆಯಲ್ಲಿ ಯಾರೂ ಸಾವಿರ ಬಗೆಯ ಪದಾರ್ಥಗಳನ್ನು ಮಾಡಿಟ್ಟುಕೊಳ್ಳುವುದಿಲ್ಲ. ಹತ್ತಿಪ್ಪತ್ತು ಡಬ್ಬಿಗಳಲ್ಲಿ ಸಾಮಗ್ರಿಯಿಟ್ಟು, ಕೂಡಿಸುವ ಕ್ರಮವನ್ನು ತಿಳಿದಿರುತ್ತಾರೆ. ರಾವ್ ಅವರೂ ಹಾಗೆಯೇ ಮಾಡಿದರು. ಅದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಯಂತ್ರದ ಜ್ಞಾನದೊಡನೆ ಕನ್ನಡ ಅಕ್ಷರದ ಸ್ವಭಾವದ ಅರಿವೂ ಇದ್ದುದರಿಂದಲೇ ಅವರಿಗೆ ಇದು ಸಾಧ್ಯವಾಯಿತೆಂದರೆ ತಪ್ಪಾಗಲಾರದು.

ವಿದ್ಯೆಗಳನ್ನು ಹೀಗೆ ಒಟ್ಟಿಗೆ ನೋಡುವುದು ಕನ್ನಡಕ್ಕೆ ಹೊಸದೇನೂ ಅಲ್ಲ. 1025ರ ಸುಮಾರಿಗೆ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿಚಾರ, ಗಿಡಮರಗಳ ಆರೈಕೆ ಇವುಗಳ ಜೊತೆಯಲ್ಲಿಯೇ ಅಡುಗೆಗೂ ಸ್ಥಾನವಿದೆ. ಅದರಲ್ಲಿರುವ ಎಲ್ಲವೂ ಇಂದಿನ ವಿಜ್ಞಾನಕ್ಕೆ ಒಪ್ಪಿಗೆಯಾಗದು. ಆದರೆ ಬಾಳಿಗೆ ಬೇಕಾದ ತಿಳಿವಳಿಕೆ ಒಂದೇ ಹೊತ್ತಗೆಯಲ್ಲಿರಲಿ ಎಂಬ ಮನೋಭಾವ ಗೌರವಾರ್ಹವಾದುದು. ನಮ್ಮ ಊರಿಂದ ದಕ್ಷಿಣಕ್ಕೆ, ಅದೇ ಹೆದ್ದಾರಿಯ ಮೇಲಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿಗಳನ್ನು ಬರೆದರು, ಯಕ್ಷಗಾನದಲ್ಲಿ ದುಡಿದರು. 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ನನಗೆ ಭೌತಶಾಸ್ತ್ರದ ರುಚಿ ಹತ್ತಿದುದು ಇಂಥ ಪುಸ್ತಕಗಳಿಂದ.

ಇನ್ನು ನನ್ನ ವಿದ್ಯಾರ್ಥಿಯ ಮಾತಿಗೆ ಬರೋಣ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಬೇಕಾದುದನ್ನು ಸಾಮಾನ್ಯ ಮಾತಿನಲ್ಲಿ ಕೇಳಿದರೆ ಪ್ರೋಗ್ರಾಮು ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ನಾನೂ ಅವುಗಳನ್ನು ಬಳಸುತ್ತೇನೆ. ವಾರದ ಕೆಲಸ ಎಷ್ಟೋ ವೇಳೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಅಂಥ ಯಂತ್ರವು ತಾನು ಬರೆದ ವಿಳಾಸಪಟ್ಟಿಯಲ್ಲಿ ನಿಮ್ಮ ಊರಿನ ಹೆಸರು ತುಂಡಾಯಿತೇ ಎಂದು ಅಂಚೆಯವನ ಬಳಿ ಹೋಗಿ ಕೇಳದು. ನಿಮ್ಮ ಅನ್ನ ಯಾವ ಎತ್ತರದಲ್ಲಿ, ಯಾವ ಒಲೆಯ ಮೇಲೆ ಬೇಯುತ್ತಿದೆಯೆಂಬುದು ನೀವು ತಿಳಿಸದ ಹೊರತು ಅದಕ್ಕೆ ಗೊತ್ತಾಗದು. ತಿಳಿಸಬೇಕಾದುದು ಯಾವುದೆಂದು ಗೊತ್ತಿರಬೇಕಾದವರು ನಾವು. ಬರೆಯುವ ಶ್ರಮ ತಗ್ಗಿದಷ್ಟೂ ಅಗುಳು ಹಿಚುಕಿ ನೋಡುವ ಹೊಣೆ ಹೆಚ್ಚುತ್ತದೆ.

ಇದಕ್ಕೆ ಆಕ್ಷೇಪವುಂಟು. ಅಡುಗೆಯವರು ಅಡುಗೆ ಮಾಡಲಿ, ಪಂಡಿತರು ವ್ಯಾಕರಣ ಓದಲಿ, ತಂತ್ರಾಂಶದವರು ತಂತ್ರಾಂಶ ಬರೆಯಲಿ. ಎಲ್ಲವನ್ನೂ ಕಲಿಯುವುದಕ್ಕೆ ಬಡ ವಿದ್ಯಾರ್ಥಿಗೆ ವೇಳೆ ಎಲ್ಲಿದೆ ಎಂದು ಕೇಳಬಹುದು. ಎಲ್ಲದರಲ್ಲಿಯೂ ನಿಪುಣರಾಗಿರೆಂದು ನಾನು ಹೇಳುತ್ತಿಲ್ಲ. ಕೆಲಸ ಹಂಚಿಕೊಳ್ಳದೆ ಸಮಾಜ ನಡೆಯದು. ಆದರೆ ತಂತ್ರಾಂಶವೆಂಬುದು ಯಾವಾಗಲೂ ಬೇರೊಂದರ ಕುರಿತಾದ ತಂತ್ರಾಂಶ: ವಿಳಾಸದ್ದು, ಬೆಳೆಯದ್ದು, ರೋಗಿಯದ್ದು, ಭಾಷೆಯದ್ದು. ಆ ‘ಬೇರೊಂದ’ನ್ನು ಒಂದಾದರೂ ಕೈಯಾರೆ ಮುಟ್ಟಿ ಬಲ್ಲವನಿಗೆ ತನ್ನ ಊಹೆ ಎಲ್ಲಿ ಸೋಲುತ್ತದೆಂಬ ಅನುಭವವಿರುತ್ತದೆ. ಬಡ ವಿದ್ಯಾರ್ಥಿಗೆ ಈ ಬಂಡವಾಳ ಮನೆಯಲ್ಲಿಯೇ ಇದೆ. ಗದ್ದೆ, ದೋಣಿ, ಅಡುಗೆಮನೆಗಳನ್ನು ಕಂಡು ಬೆಳೆದವರು ತಮಗೇನೂ ತಿಳಿಯದೆಂದು ಹಿಂಜರಿಯುವುದು, ಅಧ್ಯಾಪಕನಾಗಿ ನಾನು ದಿನವೂ ನೋಡುವ ದುಃಖದ ಸಂಗತಿ.

ಆದುದರಿಂದ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಎರಡೇ. ಮೊದಲನೆಯದಾಗಿ, ಮನೆಯ ಒಂದು ಅಡುಗೆಯನ್ನು ನೀವೇ ಮಾಡಿ ಕಲಿತು, ಅದರ ಕ್ರಮವನ್ನು ಬರೆದು, ಆ ಅಡುಗೆಯನ್ನು ಅರಿಯದ ಗೆಳೆಯನೊಬ್ಬನ ಕೈಗೆ ಕೊಡಿ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ನೀವು ಹೇಳದೆ ಬಿಟ್ಟ ಸಂಗತಿಯೊಂದಿದೆ. ಎರಡನೆಯದಾಗಿ, ಪಾಠಕ್ಕೆ ಸಂಬಂಧವಿಲ್ಲದ ಒಂದು ಪುಸ್ತಕ ಸದಾ ನಿಮ್ಮ ಕೈಯಲ್ಲಿರಲಿ. ಅದು ಯಾವಾಗ ಕೆಲಸಕ್ಕೆ ಬರುವುದೆಂದು ಮೊದಲೇ ಹೇಳಲಾಗುವುದಿಲ್ಲ. ನನ್ನ ವ್ಯಾಕರಣ ಕೆಲಸಕ್ಕೆ ಬಂದುದು, ಓದಿ ಹತ್ತು ವರ್ಷಗಳಾದ ಮೇಲೆ.

ಆ ಹುಡುಗನು ಈ ವರ್ಷವೂ ನನ್ನ ತರಗತಿಯಲ್ಲಿದ್ದಾನೆ. ಮುಂದಿನ ವಾರ ಅವನಿಂದ ಮತ್ತೆ ನೀರು ಕಾಯಿಸುವ ಪ್ರಯೋಗವನ್ನೇ ಮಾಡಿಸಬೇಕೆಂದಿದ್ದೇನೆ. ಈ ಸಲ ಉಷ್ಣತೆಯನ್ನು ಗುರುತು ಹಾಕುವ ಪ್ರೋಗ್ರಾಮನ್ನು ಯಂತ್ರದಿಂದಲೇ ಬರೆಯಿಸಿಕೊಳ್ಳಲಿ. ಆದರೆ ಅದು ಕೊಡುವ ಅಂಕಿ ನಿಜವೇ ಎಂಬುದನ್ನು ಉಷ್ಣಮಾಪಕ ಹಿಡಿದು ಅವನೇ ನೋಡಬೇಕು.