ಮಂಡಿ ಹೌಸಿನ ಸಂಜೆಗಳು

ದೆಹಲಿಯ ಬೇಸಿಗೆ ಮನುಷ್ಯನನ್ನು ಕೂಲರ್ ಮುಂದೆ ಕೂಡಿಹಾಕುತ್ತದೆ. ಚಳಿಗಾಲ ಬೀದಿಗೆ ಕರೆಯುತ್ತದೆ. ದೀಪಾವಳಿಯ ಹೊಗೆ ಒಂದಿಷ್ಟು ತಗ್ಗಿ, ಟ್ರಂಕಿನಲ್ಲಿದ್ದ ರಜಾಯಿಗಳು ಮಹಡಿಯ ಬಿಸಿಲಿಗೆ ಬಂದು, ಗಾಡಿಗಳ ಮೇಲೆ ಕಡಲೆಕಾಯಿ, ಗಜಕ್, ಸುಟ್ಟ ಗೆಣಸು ಕಾಣಿಸಿಕೊಂಡವೆಂದರೆ ಈ ಊರಿನ ಒಳ್ಳೆಯ ತಿಂಗಳುಗಳು ಶುರುವಾದವು ಅಂತಲೇ ಲೆಕ್ಕ. ರಾಜ್ಯೋತ್ಸವದ ಸ್ಮರಣ ಸಂಚಿಕೆ ನಿಮ್ಮ ಕೈ ಸೇರುವುದೂ ಇದೇ ಹೊತ್ತಿಗೆ. ನುಡಿ, ಗಡಿ, ನೀರು ಇವುಗಳ ಬಗ್ಗೆ ಒಳಪುಟಗಳಲ್ಲಿ ಬಲ್ಲವರು ಬರೆದಿದ್ದಾರೆ. ಸಂಪಾದಕೀಯದ ಈ ಜಾಗವನ್ನು ನಾನು ಚಳಿಗಾಲದ ಸಂಜೆಗಳಿಗೆ ಮೀಸಲಿಡುತ್ತೇನೆ.

ಕಾರಣವಿದೆ. ಸಂಘದಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಈ ಊರಲ್ಲಿ ಮನೆಮಂದಿಯೆಲ್ಲ ಹೊರಗೆ ಹೋಗಿಬಂದರೆ ಆ ತಿಂಗಳ ಲೆಕ್ಕವೇ ತಪ್ಪಿಹೋಗುತ್ತೆ." ಮಾಲಿಗೆ ಹೋದರೆ ನಿಜ. ಸಿನಿಮಾ ಟಿಕೆಟ್, ಪಾಪ್‌ಕಾರ್ನ್, ಊಟ, ಪಾರ್ಕಿಂಗ್ ಎಲ್ಲ ಕೂಡಿದರೆ ಬಾಡಿಗೆ ಮನೆಯಲ್ಲಿರುವ ಸಂಸಾರಕ್ಕೆ ಭಾರವೇ. ಅದಕ್ಕೇ ನಮ್ಮಲ್ಲಿ ಬಹಳ ಮಂದಿ ಚಳಿಗಾಲವಿಡೀ ಟಿವಿ ಮುಂದೆ ಕಳೆಯುತ್ತಾರೆ. ದ್ವಾರಕಾದಲ್ಲೋ ಮಯೂರ್ ವಿಹಾರದಲ್ಲೋ ಹುಟ್ಟಿ ಬೆಳೆದ ಮಕ್ಕಳು ಹತ್ತನೇ ತರಗತಿ ಮುಗಿಸುವ ಹೊತ್ತಿಗೂ ರಂಗದ ಮೇಲೆ ಒಂದು ಪೂರ್ತಿ ನಾಟಕ ನೋಡಿರುವುದಿಲ್ಲ. ಇದು ನನಗೆ ತುಂಬ ಬೇಸರದ ಸಂಗತಿ. ಯಾಕೆಂದರೆ ದೇಶದಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ನಾಟಕ ನೋಡಲು ಸಿಗುವ ಊರುಗಳಲ್ಲಿ ದೆಹಲಿ ಮೊದಲ ಸಾಲಿನದು, ಮತ್ತು ಅದನ್ನು ಹಾಗೆ ಮಾಡುವುದರಲ್ಲಿ ಕನ್ನಡಿಗರ ಕೈಯೂ ಇದೆ.

ಮೆಟ್ರೋದಲ್ಲಿ ಮಂಡಿ ಹೌಸ್ ಸ್ಟೇಷನ್ನಿಗೆ ಬನ್ನಿ. ನೀಲಿ ಮಾರ್ಗ, ನೇರಳೆ ಮಾರ್ಗ ಎರಡೂ ಇಲ್ಲಿ ಕೂಡುತ್ತವೆ. ದ್ವಾರಕಾ, ನೋಯ್ಡಾ, ಫರೀದಾಬಾದಿನವರಿಗೆ ಗಾಡಿ ಬದಲಿಸುವ ತಾಪತ್ರಯವೂ ಇಲ್ಲ. ಹಿಮಾಚಲದ ಮಂಡಿ ಸಂಸ್ಥಾನದ ರಾಜರ ಬಂಗಲೆ ಇದ್ದದ್ದರಿಂದ ಈ ಹೆಸರು. ಬಂಗಲೆ ಹೋಗಿ ಎಷ್ಟೋ ಕಾಲವಾಯಿತು, ಈಗ ಅಲ್ಲಿ ದೂರದರ್ಶನ ಭವನವಿದೆ. ಆ ವೃತ್ತದಿಂದ ಹೊರಡುವ ರಸ್ತೆಗಳಲ್ಲಿ ಕಾಲ್ನಡಿಗೆಯ ದೂರದಲ್ಲೇ ಕಮಾನಿ ಸಭಾಂಗಣ, ಎಲ್‌ಟಿಜಿ, ಶ್ರೀರಾಮ್ ಸೆಂಟರ್, ತ್ರಿವೇಣಿ ಕಲಾ ಸಂಗಮ, ಮೂರು ಅಕಾಡೆಮಿಗಳಿರುವ ರವೀಂದ್ರ ಭವನ, ಬಹಾವಲ್‌ಪುರ ಹೌಸಿನಲ್ಲಿರುವ ರಾಷ್ಟ್ರೀಯ ನಾಟಕ ಶಾಲೆ. ಇಷ್ಟು ರಂಗಮಂದಿರಗಳು ಇಷ್ಟು ಒತ್ತಾಗಿ ಇರುವ ಇನ್ನೊಂದು ಜಾಗ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ನಾಟಕ ಶಾಲೆ ಶುರುವಾದದ್ದು 1959ರಲ್ಲಿ, ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ. 1962ರಿಂದ ಅದನ್ನು ಕಟ್ಟಿ ಬೆಳೆಸಿದವರು ಇಬ್ರಾಹಿಂ ಅಲ್ಕಾಜಿ. 1977ರಲ್ಲಿ ಅವರ ಜಾಗಕ್ಕೆ ಬಂದವರು ನಮ್ಮ ಬಿ.ವಿ. ಕಾರಂತರು. ಬಂಟ್ವಾಳ ಸೀಮೆಯ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ, ಬನಾರಸಿನಲ್ಲಿ ಹಿಂದಿ ಓದಿ, ಇದೇ ಶಾಲೆಯಲ್ಲಿ ವಿದ್ಯಾರ್ಥಿಯಾಗಿ, ಕೊನೆಗೆ ಇದೇ ಶಾಲೆಯ ನಿರ್ದೇಶಕರಾದವರು. 1979ರಲ್ಲಿ ಅವರು ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಅನ್ನು 'ಬರ್ನಮ್ ವನ' ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಆಡಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಯಕ್ಷಗಾನದ ನಡೆ. ಸ್ಕಾಟ್‌ಲೆಂಡಿನ ದೊರೆ ಕರಾವಳಿಯ ಹೆಜ್ಜೆ ಹಾಕುತ್ತ ದೆಹಲಿಯ ರಂಗದ ಮೇಲೆ ಬಂದ. ಗಿರೀಶ ಕಾರ್ನಾಡರ 'ತುಘಲಕ್'ದೂ ಇಂಥದೇ ಕಥೆ. 1964ರಲ್ಲಿ ಕನ್ನಡದಲ್ಲಿ ಹುಟ್ಟಿದ ಆ ನಾಟಕವನ್ನು ಹಿಂದುಸ್ತಾನಿಗೆ ತಂದವರು ಕಾರಂತರೇ. 1970ರ ದಶಕದಲ್ಲಿ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಗೋಡೆಗಳ ಮುಂದೆ ಆಡಿಸಿದಾಗ ಮನೋಹರ್ ಸಿಂಗ್ ಸುಲ್ತಾನರಾಗಿದ್ದರು. ದೆಹಲಿಯ ಸುಲ್ತಾನನ ಕಥೆಯನ್ನು ದೆಹಲಿಗೇ ತಿರುಗಿ ಹೇಳಿದ್ದು ಕನ್ನಡ. 2012ರಲ್ಲಿ ಭಾನು ಭಾರತಿಯವರು ಅದೇ ನಾಟಕವನ್ನು ಫಿರೋಜ್ ಶಾ ಕೋಟ್ಲಾದಲ್ಲಿ ಆಡಿಸಿದರು. ಬಿ. ಜಯಶ್ರೀ, ಪ್ರಸನ್ನ ಇವರೂ ಈ ಶಾಲೆಯಲ್ಲಿ ಕಲಿತವರು. ಹಾಗಾಗಿ ಮಂಡಿ ಹೌಸಿಗೆ ಕಾಲಿಡುವಾಗ ಪರಸ್ಥಳಕ್ಕೆ ಬಂದೆವೆಂಬ ಸಂಕೋಚ ನಮಗೆ ಬೇಕಿಲ್ಲ.

ಟಿಕೆಟ್ ವಿಚಾರಕ್ಕೆ ಬರೋಣ. ನಾಟಕ ಶಾಲೆ ನಡೆಯುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಹಣದಿಂದ. 1964ರಿಂದ ಅದಕ್ಕೆ ತನ್ನದೇ ವೃತ್ತಿಪರ ರಂಗಮಂಡಲವಿದೆ. 1999ರಲ್ಲಿ ಶುರುವಾದ ಭಾರತ ರಂಗ ಮಹೋತ್ಸವ ಸಾಮಾನ್ಯವಾಗಿ ಜನವರಿ ಕೊನೆ ಅಥವಾ ಫೆಬ್ರವರಿಯ ಹೊತ್ತಿಗೆ ನಡೆಯುತ್ತದೆ. ದೇಶದ ಹಲವು ಭಾಷೆಗಳ ನಾಟಕಗಳ ಜೊತೆ ಹೊರದೇಶದ ತಂಡಗಳೂ ಬರುತ್ತವೆ. ಇಲ್ಲಿನ ಟಿಕೆಟ್ ಅಗ್ಗವಾಗಿರುವುದು ನಾಟಕ ಕೆಳದರ್ಜೆಯದೆಂದಲ್ಲ. ನಟರ ಸಂಬಳ, ಬೆಳಕು, ರಂಗಸಜ್ಜಿಕೆಯ ಖರ್ಚಿನ ಬಹುಪಾಲು ನಮ್ಮ ತೆರಿಗೆಯಿಂದ ಆಗಲೇ ಸಂದಾಯವಾಗಿದೆ. ಕೌಂಟರಿನಲ್ಲಿ ಕೊಡುವ ನೂರಿನ್ನೂರು ರೂಪಾಯಿ ಉಳಿದದ್ದಕ್ಕೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅಗ್ಗವೆಂದರೆ ಮೂಗು ಮುರಿಯುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಗುರುಗ್ರಾಮದ ದುಬಾರಿ ಕಾರ್ಯಕ್ರಮಕ್ಕೆ ಸಾವಿರಗಟ್ಟಲೆ ಕೊಡಲು ತಯಾರಿರುವ ನಮ್ಮ ಹುಡುಗರು ನಾಟಕ ಶಾಲೆಯ 'ಅಭಿಮಂಚ್', 'ಸಮ್ಮುಖ್' ರಂಗಮಂದಿರಗಳ ಹೆಸರನ್ನೇ ಕೇಳಿಲ್ಲ. ಸರಕಾರದ ದುಡ್ಡಿನಲ್ಲಿ ನಡೆಯುವ ಇಂಥ ಜಾಗಗಳಲ್ಲಿ ಕುರ್ಚಿ ಖಾಲಿ ಬಿದ್ದರೆ, "ಯಾರೂ ಬರುವುದಿಲ್ಲವಲ್ಲ" ಅಂತ ಅನುದಾನ ಕತ್ತರಿಸುವುದು ಯಾವ ಅಧಿಕಾರಿಗೂ ಸುಲಭ.

ಭಾಷೆ ಅರ್ಥವಾಗುವುದಿಲ್ಲ ಅಂತ ಹಿಂಜರಿಯುವ ಹಿರಿಯರಿದ್ದಾರೆ. ಮಣಿಪುರಿಯೋ ಮಲಯಾಳವೋ ನಾಟಕ ನೋಡುವಾಗ ಪಕ್ಕದಲ್ಲಿ ಕೂತ ದೆಹಲಿಯವರಿಗೂ ಅಷ್ಟೇ ಅರ್ಥವಾಗುತ್ತಿರುತ್ತದೆ. ಮೈ, ದನಿ, ವಾದ್ಯ, ಬೆಳಕು ಕೂಡಿ ಕಥೆಯನ್ನು ದಾಟಿಸುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಮೂರನೇ ಬೆಲ್ ಆದಮೇಲೆ ಬಾಗಿಲು ಮುಚ್ಚಿದರೆ ಮುಗಿಯಿತು. ದೆಹಲಿಯ ಟ್ರಾಫಿಕ್ ನೆಪ ಅಲ್ಲಿ ನಡೆಯುವುದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ, ಗೇಟಿನ ಹೊರಗೆ ಬಿಸಿ ಕಡಲೆಕಾಯಿ ಕೊಂಡು, ಸಾಲಿನಲ್ಲಿ ನಿಂತು ಸುಲಿದು ತಿನ್ನಿ. ಆ ಸಾಲಿನಲ್ಲಿ ಶಾಲು ಹೊದ್ದ ನಿವೃತ್ತ ಪ್ರೊಫೆಸರರೂ ಇರುತ್ತಾರೆ, ಕಾಲೇಜು ಹುಡುಗಿಯರೂ ಇರುತ್ತಾರೆ, ಹಳ್ಳಿಯಿಂದ ಬಂದು ನಟನಾಗಬೇಕೆಂದು ಕನಸು ಕಾಣುವ ಹುಡುಗನೂ ಇರುತ್ತಾನೆ. ನಾಟಕದ ಬಗ್ಗೆ ಅವರವರಲ್ಲೇ ನಡೆಯುವ ವಾದಗಳನ್ನು ಕೇಳಿಸಿಕೊಳ್ಳುವುದೇ ಮಕ್ಕಳಿಗೆ ಒಂದು ಪಾಠ.

ದುಡ್ಡೇ ಇಲ್ಲದೆ ನೋಡಬಹುದಾದ ನಾಟಕವೂ ಒಂದಿದೆ. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಬೀದಿನಾಟಕ ಆಡುತ್ತಿದ್ದ ಜನ ನಾಟ್ಯ ಮಂಚ್ ತಂಡದ ಮೇಲೆ ಹಲ್ಲೆಯಾಯಿತು. ಏಟು ತಿಂದ ತಂಡದ ಮುಂದಾಳು ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಅವರ ಅಂತ್ಯಕ್ರಿಯೆ ಮುಗಿದ ಮರುದಿನವೇ ಪತ್ನಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು. ಅಂದಿನಿಂದ ಹೊಸವರ್ಷದ ದಿನ ಝಂಡಾಪುರದಲ್ಲಿ ಜನ ಸೇರುತ್ತಾರೆ, ಕೊರೆಯುವ ಚಳಿಯಲ್ಲಿ ನಾಟಕ ನಡೆಯುತ್ತದೆ. ರಾಜಕೀಯವಾಗಿ ನೀವು ಯಾವ ಕಡೆಯವರೇ ಆಗಿರಿ, ಒಮ್ಮೆ ಹೋಗಿ ನೋಡಿ. ಶ್ರೀರಾಮ್ ಸೆಂಟರ್ ಮುಂದಿನ ರಸ್ತೆಗೆ ಸಫ್ದರ್ ಹಾಶ್ಮಿ ಮಾರ್ಗವೆಂಬ ಹೆಸರು ಬಂದದ್ದು ಅವರ ನೆನಪಿಗೆ.

ನಗುವಿಗೂ ಈ ಊರಿನಲ್ಲಿ ಬರವಿಲ್ಲ. ಪಿಯರೋಸ್ ಟ್ರೂಪ್ ತಂಡದ 'ಗಾಲಿಬ್ ಇನ್ ನ್ಯೂ ಡೆಲ್ಲಿ' 1997ರಿಂದ ಆಡುತ್ತ ಬಂದ ಪ್ರಹಸನ. ಬರೆದು ನಿರ್ದೇಶಿಸಿದವರು ಎಂ. ಸಯೀದ್ ಆಲಂ. ಮಿರ್ಜಾ ಗಾಲಿಬ್ ಇಂದಿನ ದೆಹಲಿಗೆ ಬಂದಿಳಿದು, ತನ್ನನ್ನು ಯಾರೂ ಗುರುತು ಹಿಡಿಯದ ಊರಿನಲ್ಲಿ ತಲೆಮೇಲೊಂದು ಸೂರಿಗಾಗಿ ಪರದಾಡುವ ಕಥೆ. ಮುನಿರ್ಕಾದಲ್ಲೋ ಲಕ್ಷ್ಮೀನಗರದಲ್ಲೋ ಬಾಡಿಗೆ ಮನೆ ಹುಡುಕಿ ಅಲೆದ ಯಾವ ಕನ್ನಡಿಗನಿಗೂ ಅದರ ಹಾಸ್ಯ ಬಿಡಿಸಿ ಹೇಳಬೇಕಾಗಿಲ್ಲ. ಗಣರಾಜ್ಯೋತ್ಸವದ ಆಸುಪಾಸಿನ ಕವಿ ಸಮ್ಮೇಳನಗಳಲ್ಲಿ ಹಾಸ್ಯಕವಿಗಳ ಸರದಿ ಬಂದಾಗ ಕಂಬಳಿ ಹೊದ್ದು ಕೂತ ಜನ ಎದ್ದೆದ್ದು ನಗುವುದನ್ನು ನೋಡಬೇಕು. ನಮ್ಮ ಹಾಸ್ಯೋತ್ಸವಗಳಿಗೂ ಅದಕ್ಕೂ ನೆಂಟಸ್ತಿಕೆ ಇದೆ. ಯುವಕರಿಗೆ ಕೆಫೆಗಳ ಓಪನ್ ಮೈಕ್ ಇದೆ. ಹೊಸಬರು ತಮ್ಮ ಮಾತುಗಳನ್ನು ಅಲ್ಲಿ ಮೊದಲ ಸಲ ಒರೆಗೆ ಹಚ್ಚುತ್ತಾರೆ. ಹೆಸರು ಮಾಡಿದವರೂ ದೊಡ್ಡ ಕಾರ್ಯಕ್ರಮಕ್ಕೆ ಮುಂಚೆ ಅಲ್ಲೇ ತಾಲೀಮು ನಡೆಸುತ್ತಾರೆ. ಅದಕ್ಕೇ ಟಿಕೆಟ್ ಕಡಿಮೆ. ಹತ್ತು ಮಾತಿನಲ್ಲಿ ಆರು ಬಿದ್ದುಹೋಗುತ್ತವೆ, ನಾಲ್ಕು ನಿಲ್ಲುತ್ತವೆ. ಭಾಷೆ ಕೆಲವೊಮ್ಮೆ ಒರಟಾಗಿರುವುದರಿಂದ ಮಕ್ಕಳನ್ನು ಕರೆದೊಯ್ಯುವ ಮೊದಲು ವಯಸ್ಸಿನ ಸೂಚನೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಊಟ. ರಾಜಧಾನಿಯಲ್ಲಿ ರಾಜ್ಯಕ್ಕೊಂದು ಭವನವಿರುವುದು ಇಲ್ಲಿನವರ ಭಾಗ್ಯ. ಅಧಿಕಾರಿಗಳಿಗೆ, ಶಾಸಕರಿಗೆ ತಮ್ಮೂರಿನ ಊಟ ಸಿಗಲೆಂದು ತೆರೆದ ಎಷ್ಟೋ ಕ್ಯಾಂಟೀನುಗಳು ಇವತ್ತು ಎಲ್ಲರಿಗೂ ಎಲೆ ಹಾಕುತ್ತವೆ. ಅಶೋಕ ರಸ್ತೆಯ ಆಂಧ್ರ ಭವನ ಅವುಗಳಲ್ಲಿ ಹೆಸರುವಾಸಿ. ಕೌಂಟರಿನಲ್ಲಿ ಕೂಪನ್ ಕೊಳ್ಳಬೇಕು, ಹೊರಗೆ ಕಾಯಬೇಕು, ಕರೆದಾಗ ಯಾರದೋ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಬೇಕು. ಸ್ಟೀಲ್ ತಟ್ಟೆಯಲ್ಲಿ ಪೂರಿ, ಪಲ್ಯ, ಪಪ್ಪು, ಸಾಂಬಾರು, ರಸಂ, ಮೊಸರು; ಮೇಜಿನ ಮೇಲೆ ಪುಡಿ, ಉಪ್ಪಿನಕಾಯಿ. ಬಿಸಿ ಅನ್ನಕ್ಕೆ ಪುಡಿ, ತುಪ್ಪ ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ಬಡಿಸುವವರು ಆಗಲೇ ಎರಡನೇ ಸುತ್ತಿಗೆ ಬಂದಿರುತ್ತಾರೆ. ಕೇಳಿದಷ್ಟು ಬಡಿಸುತ್ತಾರೆ, ಆದರೆ ಹರಟೆಗೆ ಜಾಗವಿಲ್ಲ. ಬೆನ್ನ ಹಿಂದೆ ಮುಂದಿನವರು ಕಾಯುತ್ತಿರುತ್ತಾರೆ. ಕಾರ್ಯದರ್ಶಿ ಮಟ್ಟದ ಅಧಿಕಾರಿಯೂ ಆಟೋ ಚಾಲಕನೂ ಒಂದೇ ಮೇಜಿನಲ್ಲಿ ಕೈಯಲ್ಲಿ ಕಲಸಿ ಉಣ್ಣುವ ಜಾಗ ಇದು. ನಮ್ಮದೇ ರುಚಿ ಬೇಕೆಂದರೆ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ. ನಾಟಕ, ಊಟ ಎರಡೂ ಒಂದೇ ಸೂರಿನಡಿ ಸಿಗುವ ಸಂಜೆಗಳು ಅಲ್ಲಿ ಉಂಟು. ಕಾರ್ಕಳದ ಜಯರಾಮ ಬನಾನ್ 1986ರಲ್ಲಿ ಡಿಫೆನ್ಸ್ ಕಾಲನಿಯಲ್ಲಿ 'ಸಾಗರ್' ತೆರೆದ ಮೇಲೆ ಮಸಾಲೆ ದೋಸೆ ಪಂಜಾಬಿ ಸಂಸಾರಗಳ ಭಾನುವಾರದ ತಿಂಡಿಯಾಯಿತು.

ನಾಟಕ ಮುಗಿದ ಮೇಲಾದರೆ ಮಂಡಿ ಹೌಸಿನಿಂದ ಬೆಂಗಾಲಿ ಮಾರ್ಕೆಟ್ಟಿಗೆ ನಡೆದೇ ಹೋಗಬಹುದು. ಗೋಲ್‌ಗಪ್ಪ, ಛೋಲೆ ಭಟೂರೆ, ಬಿಸಿ ಗಾಜರ್ ಹಲ್ವಾ. ಬೆಳಗಿನ ಹೊತ್ತು ಬಿಡುವಿದ್ದರೆ ಚಾಂದನಿ ಚೌಕದ ಕಿನಾರಿ ಬಜಾರಿಗೆ ಹೋಗಿ 'ದೌಲತ್ ಕಿ ಚಾಟ್' ತಿನ್ನಿ. ಹಾಲನ್ನು ಚಳಿಯಲ್ಲಿ ಕಡೆಕಡೆದು ಎತ್ತಿದ ನೊರೆ, ಮೇಲೆ ಬೂರಾ ಸಕ್ಕರೆ, ಖೋವಾ. ಬಿಸಿಲು ಏರಿದರೆ ಇಳಿದುಹೋಗುತ್ತದೆ, ಹಾಗಾಗಿ ಚಳಿಗಾಲ ಬಿಟ್ಟರೆ ಸಿಗುವುದೇ ಇಲ್ಲ.

ಈ ಊರಿನ ಗಾಳಿಯ ವಿಚಾರ ಮುಚ್ಚಿಡುವಂತಿಲ್ಲ. ನವೆಂಬರಿನಲ್ಲಿ, ಮಂಜು ಕವಿದ ಡಿಸೆಂಬರ್, ಜನವರಿಯ ದಿನಗಳಲ್ಲಿ ಉಬ್ಬಸ ಇರುವವರು, ಎದೆನೋವಿನವರು ಹೊರಡದಿರುವುದೇ ಮೇಲು. ಅಂಥವರಿಗೆ ಫೆಬ್ರವರಿ ವಾಸಿ. ಕೊನೆಯ ಮೆಟ್ರೋದ ಸಮಯ ನೋಡಿಕೊಂಡೇ ಮನೆ ಬಿಡಿ.

ಈ ಚಳಿಗಾಲದಿಂದ ಸಂಘ ತಿಂಗಳಿಗೊಂದು ಸಂಜೆ ಎಲ್ಲರೂ ಒಟ್ಟಾಗಿ ನಾಟಕಕ್ಕೆ ಹೋಗುವ ಏರ್ಪಾಡು ಮಾಡುತ್ತಿದೆ. ಟಿಕೆಟ್ ದುಡ್ಡು ಅವರವರದು. ವಿದ್ಯಾರ್ಥಿಗಳದ್ದು, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸುಗಳದ್ದು ಸಂಘದ ನಿಧಿಯಿಂದ. ರಂಗ ಮಹೋತ್ಸವದ ಪಟ್ಟಿ ಹೊರಬಿದ್ದ ಕೂಡಲೇ, ಅದರಲ್ಲಿ ಕನ್ನಡ ನಾಟಕವಿದ್ದರೆ ಆ ದಿನವನ್ನೇ ಮೊದಲು ಹಿಡಿಯುತ್ತೇವೆ. ಊರಿಂದ ಬಂದ ತಂಡಕ್ಕೆ ಮುಂದಿನ ಸಾಲುಗಳಲ್ಲಿ ನಮ್ಮವರ ಮುಖ ಕಾಣಬೇಕು. ಕಾರಿನಲ್ಲಿ ಒಂದೆರಡು ಜಾಗ ಖಾಲಿ ಇರುವವರು ಕಚೇರಿಗೆ ತಿಳಿಸಿ, ಆರ್.ಕೆ. ಪುರಂ, ಜನಕಪುರಿ ಕಡೆಯ ಹಿರಿಯರನ್ನು ಕರೆತಂದು ಮನೆಗೆ ಬಿಡಬೇಕಾಗುತ್ತದೆ. ಹೆಸರು ಬರೆಸುವವರು ಮಕ್ಕಳ ಹೆಸರನ್ನೂ ಸೇರಿಸಿ ಬರೆಸಿ. ಪರೀಕ್ಷೆ ಹತ್ತಿರ ಬಂತು ಅಂತ ಅವರನ್ನು ಬಿಟ್ಟು ಬರಬೇಡಿ.