ಇನ್ವರ್ಟರ್‌ಗೆ ಇರುವ ದೀಪ ಲ್ಯಾಪ್‌ಟಾಪ್‌ಗೆ ಏಕಿಲ್ಲ?

ಕಳೆದ ವರ್ಷ ಚಿಕ್ಕಪ್ಪನ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವ ಹೊಣೆ ನನ್ನ ಪಾಲಿಗೆ ಬಂತು. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಎಂ.ಟೆಕ್ ಬೇರೆ ಓದಿದ್ದಾನೆ, ಅವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಊರು ಬಿಟ್ಟು ಬಂದ ನಮ್ಮಲ್ಲಿ ಬಹುತೇಕರಿಗೆ ಇಂಥ ಫೋನ್ ಬಂದೇ ಇರುತ್ತದೆ.

ಅವಳು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ತ್ರೀಡಿ ವಿನ್ಯಾಸದ ತಂತ್ರಾಂಶ ಸರಾಗವಾಗಿ ಓಡಲಿ ಎಂದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಮಾದರಿಯನ್ನೇ ಸಿಕಂದರಾಬಾದಿನಲ್ಲಿ ಕೊಂಡೆ. ಆ ಚಿಪ್‌ಗೆಂದೇ ಸುಮಾರು 20 ಸಾವಿರ ರೂಪಾಯಿ ಹೆಚ್ಚಾಯಿತು. ಚಿಕ್ಕಪ್ಪ ಚೀಟಿ ಎತ್ತಿ ಹಣ ಕಳಿಸಿದರು.

ಎಂಟು ತಿಂಗಳ ನಂತರ ಅವಳ ಫೋನ್: ‘ಅಣ್ಣಾ, ಮಾಡೆಲ್ ತಿರುಗಿಸಿದರೆ ನಿಂತು ನಿಂತು ಚಲಿಸುತ್ತೆ. ಇಲ್ಲಿನ ಅಂಗಡಿಯವರು ರ‍್ಯಾಮ್ ಹಾಕಿಸಿ ಅಂತಿದ್ದಾರೆ.’ ಇಲ್ಲಿಂದಲೇ ಅವಳ ಪರದೆ ತೆರೆದು ನೋಡಿದೆ. ರ‍್ಯಾಮ್ ಬೇಕಾದಷ್ಟಿತ್ತು. ದುಡ್ಡು ಕೊಟ್ಟು ಕೊಂಡ ಆ ದೊಡ್ಡ ಚಿಪ್ ಮಾತ್ರ ಶೇ 0ಯಲ್ಲಿ ಮಲಗಿತ್ತು. ಎಲ್ಲ ಕೆಲಸವನ್ನೂ ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್ ಒಂದೇ ಎಳೆಯುತ್ತಿತ್ತು. ಒಂದು ಸೆಟ್ಟಿಂಗ್ ಬದಲಿಸಿದೆ, ಮಾಡೆಲ್ ಸಲೀಸಾಗಿ ತಿರುಗಿತು. ಅಷ್ಟರಲ್ಲಿ ಎರಡು ಸೆಮಿಸ್ಟರ್‌ಗಳ ಲ್ಯಾಬ್ ಕೆಲಸವನ್ನು ಅವಳು ಹಾಗೇ ಏಗಿಕೊಂಡು ಮುಗಿಸಿದ್ದಳು. ಕೊಡಿಸಿದ ದಿನವೇ ಪರೀಕ್ಷಿಸದಿದ್ದದ್ದು ನನ್ನ ತಪ್ಪೂ ಹೌದು.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಎರಡೆರಡು ಗ್ರಾಫಿಕ್ಸ್ ಇರುವುದಕ್ಕೆ ಕಾರಣ ಬ್ಯಾಟರಿ. ಪ್ರೊಸೆಸರ್ ಒಳಗಿನದು ಹಗುರ ಕೆಲಸಕ್ಕೆ ಕೆಲವೇ ವಾಟ್ ಬಳಸುತ್ತದೆ. ಪ್ರತ್ಯೇಕ ಚಿಪ್ ಪೂರ್ಣ ಶಕ್ತಿಯಲ್ಲಿ ದುಡಿದರೆ 50 ವಾಟ್ ದಾಟುವುದೂ ಉಂಟು. 50 ವಾಟ್-ಅವರ್‌ನ ಬ್ಯಾಟರಿ ಆಗ ಒಂದು ಗಂಟೆಯೂ ಬಾರದು. 2006ರಲ್ಲಿ ಬಂದ ಸೋನಿ ವಯೊ ಎಸ್‌ಜೆಡ್ ಮಾದರಿಯಲ್ಲಿ ಇದಕ್ಕೊಂದು ಸ್ವಿಚ್ಚೇ ಇತ್ತು: ಒಂದು ಕಡೆ ವೇಗ, ಇನ್ನೊಂದು ಕಡೆ ಬಾಳಿಕೆ. ಬದಲಿಸಿದಾಗ ಯಂತ್ರವನ್ನು ಮತ್ತೆ ಶುರು ಮಾಡಬೇಕಿತ್ತು. 2010ರಲ್ಲಿ ಎನ್‌ವಿಡಿಯಾ ‘ಆಪ್ಟಿಮಸ್’ ತಂದಿತು. ಅಂದಿನಿಂದ ಆ ತೀರ್ಮಾನವನ್ನು ಡ್ರೈವರ್ ತಂತ್ರಾಂಶವೇ ಕೈಗೊಳ್ಳತೊಡಗಿತು. ಯಾವ ಪ್ರೋಗ್ರಾಂ ಭಾರವಾದದ್ದು ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಹೆಸರಾಂತ ಗೇಮ್ ತೆರೆದರೆ ದೊಡ್ಡ ಚಿಪ್ ಏಳುತ್ತದೆ. ಪಟ್ಟಿಯಲ್ಲಿಲ್ಲದ ಪ್ರೋಗ್ರಾಂ ತೆರೆದರೆ ಏಳದೇ ಇರಬಹುದು.

ಉಲ್ಟಾ ತೊಂದರೆಯೂ ಉಂಟು. ಕಾಚಿಗುಡದಿಂದ ಬೆಂಗಳೂರಿಗೆ ರೈಲಿನಲ್ಲಿ ಹೊರಟಾಗ ಬರೀ ಇಮೇಲ್ ಬರೆಯುತ್ತಿದ್ದ ನನ್ನ ಲ್ಯಾಪ್‌ಟಾಪ್ ತೊಡೆ ಸುಡುವಷ್ಟು ಬಿಸಿಯಾಗಿತ್ತು. ಹಿನ್ನೆಲೆಯಲ್ಲಿದ್ದ ಯಾವುದೋ ಆ್ಯಪ್ ದೊಡ್ಡ ಚಿಪ್ ಅನ್ನು ಮಲಗಲು ಬಿಟ್ಟಿರಲಿಲ್ಲ. ಮೆಹಬೂಬ್‌ನಗರ ದಾಟುವ ಹೊತ್ತಿಗೆ ಬ್ಯಾಟರಿ ಖಾಲಿ.

ಹಾಗಾದರೆ ಹಳೆಯ ಸ್ವಿಚ್ಚೇ ವಾಸಿಯೇ? ನಾನು ಹಾಗೆನ್ನುವುದಿಲ್ಲ. ದಿನಕ್ಕೆ ಹತ್ತು ಸಲ ಯಾರು ಸ್ವಿಚ್ ಒತ್ತುತ್ತಾರೆ? ತಾನೇ ಬದಲಾಗುವುದು ಒಳ್ಳೆಯದೇ. ತಪ್ಪಿರುವುದು ಅದನ್ನು ಬಚ್ಚಿಡುವುದರಲ್ಲಿ. ನಮ್ಮ ಮನೆಗಳ ಇನ್ವರ್ಟರ್ ನೋಡಿ. ಕರೆಂಟ್ ಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ತಾನೇ ಬ್ಯಾಟರಿಗೆ ಬದಲಾಗುತ್ತದೆ. ಆದರೆ ಒಂದು ಪುಟ್ಟ ದೀಪ ಅದನ್ನು ಹೇಳುತ್ತದೆ. ಆ ದೀಪ ನೋಡಿಯೇ ಅಮ್ಮ ಮಿಕ್ಸಿ ಹಾಕುವುದನ್ನು ಮುಂದೂಡುತ್ತಾಳೆ. ಅವಳಿಗೆ ಎಂಜಿನಿಯರಿಂಗ್ ಗೊತ್ತಿರಬೇಕಿಲ್ಲ, ದೀಪ ಕಂಡರೆ ಸಾಕು.

ಲ್ಯಾಪ್‌ಟಾಪ್‌ನಲ್ಲಿ ಇದು ಆಗದ ಕೆಲಸವೇನಲ್ಲ. ಕೆಲವು ಗೇಮಿಂಗ್ ಮಾದರಿಗಳಲ್ಲಿ ದೊಡ್ಡ ಚಿಪ್ ಎದ್ದಾಗ ಪವರ್ ಬಟನ್‌ನ ಬಣ್ಣ ಬದಲಾಗುತ್ತದೆ. ಅದು ಎಲ್ಲ ಮಾದರಿಗಳಲ್ಲೂ ಇರಲಿ. ಮಾರುವಾಗ ಚಿಪ್‌ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕುವವರು, ಅದು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದನ್ನೂ ಕೊಳ್ಳುವವರ ಭಾಷೆಯಲ್ಲಿ ಒಂದು ಪುಟ ಬರೆದುಕೊಡಲಿ.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಒತ್ತಿದರೆ ಎರಡೂ ಜಿಪಿಯುಗಳು ಬೇರೆ ಬೇರೆ ಕಾಣುತ್ತವೆ. ಭಾರದ ಪ್ರೋಗ್ರಾಂ ಓಡುವಾಗ ದೊಡ್ಡದು ಸೊನ್ನೆಯಲ್ಲೇ ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಹೋಗಿ ಆ ಪ್ರೋಗ್ರಾಂಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಹಗುರ ಆ್ಯಪ್‌ಗಳಿಗೆ ‘ಪವರ್ ಸೇವಿಂಗ್’ ಸಾಕು. ಐದು ನಿಮಿಷದ ಕೆಲಸ. ಊರಿಗೆ ಲ್ಯಾಪ್‌ಟಾಪ್ ಕಳಿಸುವ ಮೊದಲೇ ಮಾಡಿ.

ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಅಂಕಣವನ್ನೂ ಓದುತ್ತಿರಬಹುದು. ಅವರಲ್ಲಿ ನನ್ನದೊಂದು ವಿನಂತಿ: ಮುಂದಿನ ಮೀಟಿಂಗ್‌ನಲ್ಲಿ ಆ ದೀಪದ ಮಾತು ಎತ್ತಿ. ದಾವಣಗೆರೆಯಲ್ಲಿ ಚೀಟಿ ಎತ್ತಿ ಹಣ ಹೊಂದಿಸಿದವರಿಗೆ, ತಾವು ಕೊಂಡದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಹಕ್ಕಿದೆ.